ಶೀಶೆಯಲ್ಲಿ ಬಂದ ಚಳಿ

ಹುಣ್ಣಿಮೆಯ ಮರುದಿನ ಬೆಳಿಗ್ಗೆ ಎಚ್ಚರವಾದಾಗ ಕಾಶಪ್ಪನ ಕತ್ತಿನ ಹಿಂದೆ ಬೆವರಿತ್ತು. ಆ ಬೆವರನ್ನು ಅವನು ಒಪ್ಪಿಕೊಳ್ಳಲಿಲ್ಲ. ಇದು ದಿಂಬಿನ ತಪ್ಪು, ದಿಂಬಿನೊಳಗಿನ ಹತ್ತಿಯ ತಪ್ಪು, ಒಲೆ, ಹಾಸಿಗೆ, ದೇವರು ಮೂರೂ ಒಂದೇ ಖೋಲಿಯಲ್ಲಿ ಇರಬೇಕಾಗುವಂತೆ ಚಾಳು ಕಟ್ಟಿಸಿದ ಮಾಲೀಕನ ತಪ್ಪು. ಹವೆಯ ತಪ್ಪಂತೂ ಅಲ್ಲ. ಕಣ್ಣು ಮುಚ್ಚಿಕೊಂಡೇ ಒಂದು ಕಾಲನ್ನು ಚಾದರದಿಂದ ಹೊರಗೆ ಚಾಚಿ ಹೆಬ್ಬೆರಳಿನಿಂದ ಗಾಳಿಯನ್ನು ಮುಟ್ಟಿ ನೋಡಿದ. ವಡಾಲದ ಉಪ್ಪಿನಗದ್ದೆಗಳ ಮೇಲಿಂದ ಬರುವ ಗಾಳಿ, ಯಾರೋ ಬಾಯಲ್ಲಿ ಹಿಡಿದಿಟ್ಟುಕೊಂಡು ಆಮೇಲೆ ಬಿಟ್ಟ ಹಾಗೆ, ಬೆಚ್ಚಗೆ ಒದ್ದೆಯಾಗಿತ್ತು. ತಂಪಾಗಿದೆ, ಎಂದು ಅವನು ಹೆಬ್ಬೆರಳಿಗೆ ಹೇಳಿದ. ಹೆಬ್ಬೆರಳು ನಂಬಲಿಲ್ಲ. ನಿನ್ನೆ ಸಂಜೆ ಬಲತೊಡೆಯ ಮೇಲೆ ಸುಟ್ಟುಕೊಂಡ ಜಾಗ ಮಾತ್ರ ಚುರುಗುಟ್ಟಿ, ತಾನಿನ್ನೂ ಇದ್ದೇನೆ ಎಂದಿತು.

“ತುಪ್ಪದ ಡಬ್ಬಿಗೆ ಕೈ ಹಾಕಿದವರು ಯಾರು?” ಸ್ಟೋವಿಗೆ ಗಾಳಿ ಹೊಡೆಯುತ್ತಿದ್ದ ಹೆಂಡತಿ ಬಸಲಿಂಗವ್ವ ತಿರುಗಿ ನೋಡದೆ ಕೇಳಿದಳು. ತುಪ್ಪವೆಂದರೆ ವನಸ್ಪತಿ ತುಪ್ಪ. ನಿಜವಾದ ತುಪ್ಪ ಊರಿನಿಂದ ಬಂದ ದಿನ ಮಾತ್ರ ಇದಕ್ಕೆ ಪೂರ್ತಿ ಹೆಸರು ಸಿಗುತ್ತಿತ್ತು.

“ಬೆಕ್ಕಿರಬೇಕು.”

“ಮುಚ್ಚಳ ತಗದು, ಚಮಚಾದಿಂದ ತಿಂದು, ಮತ್ತ ಮುಚ್ಚಳ ಹಾಕೋ ಬೆಕ್ಕೇನ್ರೀ? ಬರೇ ಬಾಯಾಗ ತಿಂದ್ರಿ ಹೌದಿಲ್ಲೋ? ಸಣ್ಣ ಹುಡುಗರಗತೆ?”

ವನಸ್ಪತಿಯನ್ನು ಕದ್ದು ಬರಿಬಾಯಲ್ಲಿ ತಿಂದ ಗಂಡ. ಕಾಶಪ್ಪ ಆ ಚಿತ್ರವನ್ನು ಒಂದು ಗಳಿಗೆ ನೋಡಿದ. ನಿಜಕ್ಕೆ ಹೋಲಿಸಿದರೆ ಅದರಲ್ಲಿ ಎಷ್ಟೋ ಮರ್ಯಾದೆಯಿತ್ತು. “ಹಸಿವ್ಯಾಗಿತ್ತು,” ಎಂದ. ಬಸಲಿಂಗವ್ವ ಸ್ಟೋವು ಬಿಟ್ಟು ತಿರುಗಿ ಅವನನ್ನು ನೋಡಿದ ನೋಟದಲ್ಲಿ ಸಿಟ್ಟಿಗಿಂತ ಮರುಕವೇ ಹೆಚ್ಚಾಗಿತ್ತು. ಆ ದಿನದ ಮೊದಲ ಅವಮಾನವನ್ನು ಅವನು ಮುಖ ತೊಳೆಯುವ ಮೊದಲೇ ಸಂಪಾದಿಸಿದಂತಾಯಿತು.

ನಿಜ ಹೀಗಿತ್ತು. ಚಾಳಿನ ಕೆಳಗೆ ರಸ್ತೆಗೆ ಮುಖಮಾಡಿ ಉಡುಪಿ ಕಡೆಯ ಪೂವಪ್ಪನ ಹೋಟೆಲು. ಅದರ ಕಿಟಕಿಯ ಪಕ್ಕದ ಮೇಜಿನಲ್ಲಿ, ಬೆಳಿಗ್ಗೆ ಲೋಕಲ್ ಹತ್ತುವ ಮುಂಚೆ ಮತ್ತು ಸಂಜೆ ಇಳಿದ ಮೇಲೆ, ಸೇರುತ್ತಿದ್ದ ನಾಲ್ವರು ತಮ್ಮನ್ನು ಚಳಿ ಕಮಿಟಿ ಎಂದು ಕರೆದುಕೊಳ್ಳುತ್ತಿದ್ದರು. ಪೂವಪ್ಪ ಒಬ್ಬ; ಬಿಜಾಪುರದ ಕಡೆಯಿಂದ ಬಂದು ಮಾಟುಂಗದಲ್ಲಿ ಬಟ್ಟೆಯಂಗಡಿ ಇಟ್ಟ, ಎರಡು ಮಾತಿಗೊಮ್ಮೆ ನಶ್ಯ ಏರಿಸುವ ಸಿದ್ದಲಿಂಗಪ್ಪ ಒಬ್ಬ; ಪೂವಪ್ಪನ ಹೆಂಡತಿಯ ತಂಗಿ, ಕನ್ನಡ ಶಾಲೆಯ ವಾರಿಜಾ ಟೀಚರ್ ಒಬ್ಬಳು; ಮತ್ತೆ ಕಾಶಪ್ಪ. ಊರೆಲ್ಲ ರಾಜ್ಯ ವಿಂಗಡಣೆಯ ಜಗಳದಲ್ಲಿ ಮುಳುಗಿದ್ದಾಗ ಇವರು ಮುಲುಂಡಿನ ಆಚೆ ಬೆಟ್ಟದ ಮೇಲೆ ಮಂಜು ಕಂಡಿತೆಂಬ ಸುದ್ದಿಯನ್ನು ಚರ್ಚಿಸುತ್ತಿದ್ದರು. ಗಾಳಿ ಸಮುದ್ರದ ಕಡೆಯಿಂದಲೋ ನೆಲದ ಕಡೆಯಿಂದಲೋ ಎಂದು ಕಾಫಿಯ ಹಬೆ ವಾಲುವುದನ್ನು ನೋಡುತ್ತಿದ್ದರು. ಮುಂಬಯಿಯಲ್ಲಿ ಚಳಿ ಎಲ್ಲಿಯದು ಎಂದು ನಕ್ಕವರನ್ನು ಮೇಜಿನಿಂದ ಎಬ್ಬಿಸಿ ಕಳಿಸುತ್ತಿದ್ದರು. ತೀರ್ಪು ಮಾತ್ರ ಶೀಶೆಯದು. ದೀಪಾವಳಿಗೆ ಪೂವಪ್ಪ ಊರಿನ ಕೊಬ್ಬರಿ ಎಣ್ಣೆಯನ್ನು ಅಗಲ ಬಾಯಿಯ ಗಾಜಿನ ಶೀಶೆಗೆ ಹೊಯ್ದು ಆ ಕಿಟಕಿಯಲ್ಲಿಡುತ್ತಿದ್ದ. ಎಣ್ಣೆ ಹೆಪ್ಪುಗಟ್ಟಿದ ಬೆಳಿಗ್ಗೆಯೇ ಚಳಿಗಾಲದ ಮೊದಲ ಬೆಳಿಗ್ಗೆ. ಅದು ಯಾವತ್ತೆಂದು ಪ್ರತಿಯೊಬ್ಬರೂ ಮುಂಚೆಯೇ ಹೇಳಿರಬೇಕು. ಸರಿಯಾಗಿ ಹೇಳಿದವರು ಮೊದಲ ಬೆರಳು ಹಾಕಿ ಎಣ್ಣೆ ತೋಡಿ ನೆತ್ತಿಗೆ ಹಚ್ಚಿಕೊಂಡ ಮೇಲೆ ಉಳಿದವರು ಹಚ್ಚಿಕೊಳ್ಳಬೇಕು. ಅಲ್ಲಿಯವರೆಗೆ ಯಾರೂ ಉಣ್ಣೆ ತೊಡುವಂತಿಲ್ಲ.

ಹೋದ ವರ್ಷ ಕಾಶಪ್ಪ ಶೀಶೆಗೆ ಕಾಯಲಿಲ್ಲ. ಧಾರವಾಡದವನಿಗೆ ಮೂಗೇ ಸಾಕು ಎಂದು ಸಾರಿ, ಮದುವೆಯ ಉಣ್ಣೆ ಕೋಟು ತೊಟ್ಟು ಹೊರಟವನು ಕುರ್ಲಾದಲ್ಲಿ ಗಾಡಿ ಬದಲಿಸುವಷ್ಟರಲ್ಲಿ ಕಣ್ಣು ಕತ್ತಲೆಗಟ್ಟಿ ಪ್ಲಾಟ್‌ಫಾರ್ಮಿನ ಮೇಲೆ ಕುಸಿದಿದ್ದ. ಒಬ್ಬ ಹಮಾಲ ಅವನ ನೆತ್ತಿಗೆ ನೀರು ತಟ್ಟಿ, ಕೋಟು ಬಿಚ್ಚಿ, ಮಗುವಿಗೆ ಬೀಸುವಂತೆ ಅದರಿಂದಲೇ ಗಾಳಿ ಬೀಸಿದ್ದ. ಅಂದಿನಿಂದ ಮೇಜಿನಲ್ಲಿ ಅವನು ಉಣ್ಣೆ ಸಾಹೇಬ. ಈ ದೀಪಾವಳಿಗೆ ಅವನು ಕಾರ್ತಿಕ ಹುಣ್ಣಿಮೆಯ ಮರುದಿನ ಎಂದಾಗ ಎಲ್ಲರೂ ನಕ್ಕರು. ಪೂವಪ್ಪ ನಗುತ್ತಲೇ, “ಈ ಸಲವೂ ತಪ್ಪಿದರೆ ನೀವು ಹವೆಯ ಬಗ್ಗೆ ಬಾಯಿ ಬಿಡ್ಲಿಕ್ಕಿಲ್ಲ ಆಯ್ತಾ? ಕಾಫಿ ಕುಡೀರಿ, ನಾವು ಹೇಳಿದ್ದನ್ನು ಕೇಳಿಕೊಂಡು ಕೂತ್ಕೊಳ್ಳಿ,” ಎಂದ. ಕಾಶಪ್ಪನೂ ನಕ್ಕ. ಆದರೆ ವಿಕ್ರೋಳಿಯ ಕಾರ್ಖಾನೆಯ ಆಫೀಸಿನಲ್ಲಿ ಅವನು ಬಾಯಿ ತೆರೆದರೆ ಹೆಡ್‌ಕ್ಲಾರ್ಕು ಫ್ಯಾನನ್ನು ನೋಡುತ್ತಿದ್ದ. ಮನೆಯಲ್ಲಿ ತೆರೆದರೆ ಬಸಲಿಂಗವ್ವ ಸ್ಟೋವಿಗೆ ಗಾಳಿ ಹೊಡೆಯುತ್ತಿದ್ದಳು. ಅವನ ಮಾತು ಕೇಳಿ ಮೂರು ಕಪ್ಪುಗಳು ತುಟಿಯ ಹತ್ತಿರ ತಡೆದು ನಿಲ್ಲುತ್ತಿದ್ದದ್ದು ಇಡೀ ಶಹರದಲ್ಲಿ ಆ ಮೇಜಿನ ಸುತ್ತ ಮಾತ್ರ. ಅದು ಹೋದರೆ ತನ್ನ ಕಂಠ ಇನ್ನು ಯಾತಕ್ಕೆ ಎಂದು ಅವನು ಹಾರ್ಬರ್ ಲೈನಿನ ಗಾಡಿಯಲ್ಲಿ ಜೋತುಕೊಂಡು ಯೋಚಿಸಿದ್ದ. ಹಾಗಾಗಿ ನಿನ್ನೆ, ಹೆಂಡತಿ ನಳಕ್ಕೆ ಹೋದಾಗ, ಡಬ್ಬಿಯಿಂದ ವನಸ್ಪತಿ ತೋಡಿ ಕಾಯಿಸಿ, ಖಾಲಿ ಔಷಧದ ಬಾಟಲಿಗೆ ತುಂಬಿ, ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ಇಳಿದ. ಮೆಟ್ಟಿಲು ಮೆಟ್ಟಿಲಿಗೂ ತೊಡೆ ಸುಡುತ್ತಿತ್ತು. ಎದುರಾದ ಪಕ್ಕದ ಖೋಲಿಯವರಿಗೆ ಅವನು ಹಲ್ಲು ಕಚ್ಚಿಕೊಂಡು ನಮಸ್ಕಾರ ಹೇಳಿದ. ಪೂವಪ್ಪ ಒಳಗೆ ದೋಸೆ ಹಿಟ್ಟಿನ ಜೊತೆ ಜಗಳಾಡುತ್ತಿದ್ದಾಗ ಶೀಶೆಯ ಎಣ್ಣೆಯನ್ನು ಅರ್ಧ ಗಟಾರಕ್ಕೆ ಬಗ್ಗಿಸಿ, ಅರ್ಧಕ್ಕೆ ವನಸ್ಪತಿ ಹೊಯ್ದು, ಬೆರಳಿನಿಂದ ಕಲಸಿ, ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. ಕೆಟ್ಟ ಕೆಲಸ ಮಾಡುವಾಗ ಮನುಷ್ಯ ಒಳಗೆ ಎಲ್ಲೋ ನಡುಗುತ್ತಾನೆಂದು ಅವನು ಓದಿದ್ದ. ನಡುಕ ಬರಲಿಲ್ಲ. ಬಂದದ್ದು ನಗೆ. ಅದನ್ನು ತಡೆಯಲು ಅವನು ಕೆಮ್ಮಿದ.

ಮುಖ ತೊಳೆದು ಕೆಳಗಿಳಿದಾಗ ಹೋಟೆಲಿನಲ್ಲಿ ಗದ್ದಲವೇ ಇರಲಿಲ್ಲ. ಸಿದ್ದಲಿಂಗಪ್ಪ ಕಿಟಕಿಯ ಮುಂದೆ ಬಗ್ಗಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಆಸ್ಪತ್ರೆಯಲ್ಲಿ ರೋಗಿಯನ್ನು ನೋಡುವಂತೆ ಶೀಶೆಯನ್ನು ನೋಡುತ್ತಿದ್ದ. ಶೀಶೆಯೊಳಗೆ ಬೆಳ್ಳಗೆ, ತುಸು ಹಳದಿಯಾಗಿ, ರವೆರವೆಯಾಗಿ ಚಳಿ ಕೂತಿತ್ತು.

“ಕಾಶಪ್ಪನವ್ರೇ,” ಎಂದ ಪೂವಪ್ಪ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು. ಅವನ ಬನಿಯನ್ ಬೆವರಿನಿಂದ ಎದೆಗೆ ಅಂಟಿತ್ತು. “ಎಂತ ಮೂಗು ಮಾರಾಯ್ರೆ ನಿಮ್ಮದು! ನಾನು ಬೆಳಿಗ್ಗೆ ಬಾಗಿಲು ತೆಗೀವಾಗಲೇ ಅಂದ್ಕೊಂಡೆ, ಎಂತದೋ ಒಂದು ಜುಂ ಅಂತ ಉಂಟಲ್ಲ ಅಂತ.”

“ನನಗ ಮಣಕಾಲು ಹೇಳಿದ್ವು,” ಎಂದ ಸಿದ್ದಲಿಂಗಪ್ಪ. “ಎರಡು ದಿನದಿಂದ ಹಿಡದಾವ. ನಾ ವಾತ ಅಂದ್ಕೊಂಡಿದ್ದೆ. ವಾತ ಅಲ್ಲದು, ಚಳಿ. ಧಾರವಾಡ ಮೈಸೂರು ರಾಜ್ಯಕ್ಕ ಹೋಗೂ ಮುಂದ ಒಂದಿಷ್ಟು ಚಳಿ ಇಲ್ಲೇ ಬಿಟ್ಟು ಹೋಗೇದ ನೋಡ್ರಿ ಸಾಹೇಬ್ರ.”

ವಾರಿಜಾ ಮೇಜಿನ ತುದಿಯಲ್ಲಿ ಶಾಲೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳ ಹಣೆಯ ಕುಂಕುಮ ಬೆವರಿಗೆ ಕರಗಿ ಮೂಗಿನತ್ತ ಸಣ್ಣ ಕಾಲುವೆ ತೆಗೆದಿತ್ತು. “ನನಗೆ ಎಂತದೂ ಗೊತ್ತಾಗ್ಲಿಲ್ಲಪ್ಪ,” ಎಂದಳು. “ಆದ್ರೆ ಶೀಶೆ ಹೇಳಿದ ಮೇಲೆ ಮುಗೀತು.” ಎಲ್ಲರೂ ಎದ್ದು ನಿಂತರು. ಕಾಶಪ್ಪ ಬೆರಳು ಹಾಕಿದ. ಬೆರಳಿಗೆ ತನ್ನದೇ ಅಡುಗೆಮನೆಯ ಜಿಡ್ಡು ಪರಿಚಯದವರ ಹಾಗೆ ಅಂಟಿಕೊಂಡಿತು. ಅದನ್ನು ನೆತ್ತಿಗೆ ಉಜ್ಜುವಾಗ ಅವನಿಗೆ ತನ್ನ ಅಪ್ಪನ ಮುಖ ನೆನಪಾಯಿತು. ಯಾಕೆಂದು ತಿಳಿಯಲಿಲ್ಲ, ಅಪ್ಪ ಬೋಳುತಲೆಯವನು. ಪೂವಪ್ಪ ಹಚ್ಚಿಕೊಂಡ, ದಿನವೆಲ್ಲ ಬಾಣಲೆಯ ಮುಂದೆ ನಿಲ್ಲುವ ಅವನ ಮೂಗಿಗೆ ಲೋಕವೆಲ್ಲ ಒಂದೇ ವಾಸನೆ. ಸಿದ್ದಲಿಂಗಪ್ಪ ಹಚ್ಚಿಕೊಂಡ, ಅವನ ಮೂಗು ನಶ್ಯಕ್ಕೆ ಮಾರಿಹೋಗಿ ವರ್ಷಗಳಾಗಿದ್ದವು. ವಾರಿಜಾ ಉದ್ದ ಜಡೆಯ ಬುಡಕ್ಕೆ ಹಚ್ಚಿಕೊಂಡು, ಬೆರಳನ್ನು ಮೂಗಿನ ಹತ್ತಿರ ತಂದು, ಒಂದು ಕ್ಷಣ ನಿಂತು, ಚೀಲ ಎತ್ತಿಕೊಂಡು ಹೊರಟಳು. ಅವಳು ತಿರುವು ದಾಟುವವರೆಗೂ ಕಾಶಪ್ಪ ಆ ಬೆರಳನ್ನೇ ನೋಡುತ್ತಿದ್ದ.

ಅಂದು ಗಾಡಿಯಲ್ಲಿ ಅವನಿಗೆ ನಿಂತುಕೊಳ್ಳಲು ಹಿಡಿಕೆ ಸಿಕ್ಕಿತು, ಪಕ್ಕದಲ್ಲಿ ಮೀನಿನ ಬುಟ್ಟಿ ಇರಲಿಲ್ಲ, ಕುರ್ಲಾದಲ್ಲಿ ಗಾಡಿ ಕಾದು ನಿಂತಿತ್ತು. ಗೆದ್ದವನಿಗೆ ಶಹರ ದಾರಿ ಬಿಡುತ್ತದೆಯೇನೋ. ಆದರೆ ವಿಕ್ರೋಳಿಯಲ್ಲಿ ಇಳಿದು ಕಾರ್ಖಾನೆಯ ಗೇಟಿನತ್ತ ನಡೆಯುವಾಗ ಬಿಸಿಲು ಬೆನ್ನಮೇಲೆ ಕೈಯಿಟ್ಟು, ಏನಪ್ಪಾ ಸಮಾಚಾರ, ಎನ್ನುವಂತೆ ತಟ್ಟುತ್ತಿತ್ತು. ನೆತ್ತಿಯ ಜಿಡ್ಡು ಕರಗಿ ಕಿವಿಯ ಹಿಂದಿನಿಂದ ಕಾಲರಿಗೆ ಇಳಿಯಿತು. ಆಫೀಸಿನಲ್ಲಿ ಹೆಡ್‌ಕ್ಲಾರ್ಕು ತಲೆಯೆತ್ತಿ, ಗಾಳಿಯನ್ನು ಮೂಸಿ, ಯಾರ ಮನೆಯಲ್ಲಿ ಹಬ್ಬ ಎಂದು ಹಿಂದಿಯಲ್ಲಿ ಕೇಳಿದ. ನಾನು ಸುಳ್ಳು ಹೇಳಿಲ್ಲ, ಎಂದು ಕಾಶಪ್ಪ ಲೆಡ್ಜರಿನ ಹಿಂದೆ ಅಡಗಿ ತರ್ಕ ಮಾಡಿದ. ನಾನು ಒಂದು ದಿನವನ್ನು ಮುಂಚಿತವಾಗಿ ಹೇಳಿದೆ, ಅಷ್ಟೆ. ಚಳಿ ಹೇಗೂ ಬರುತ್ತದೆ. ಬಂದೇ ಬರುವುದನ್ನು ಸ್ವಲ್ಪ ಬೇಗ ಕರೆದದ್ದು ಪಾಪವಾದರೆ ಪಂಚಾಂಗ ಬರೆಯುವವರೆಲ್ಲ ಪಾಪಿಗಳು. ಪೂವಪ್ಪನಿಗೆ ಜುಂ ಅಂದಿತ್ತಲ್ಲ? ಸಿದ್ದಲಿಂಗಪ್ಪನ ಮಣಕಾಲು ಸಾಕ್ಷಿ ಹೇಳಿತಲ್ಲ? ಅವರಿಬ್ಬರಿಗೆ ಅನಿಸಿದ ಚಳಿ ನಿಜವಲ್ಲವೆಂದು ಹೇಳಲು ತಾನು ಯಾರು? ಹೀಗೆ ಮಧ್ಯಾಹ್ನದ ಹೊತ್ತಿಗೆ ಅವನು ತನ್ನನ್ನು ಪೂರ್ತಿ ಖುಲಾಸೆ ಮಾಡಿಕೊಂಡ. ಖುಲಾಸೆಯಾದ ಮೇಲೂ ಆ ಬೆರಳು, ಮೂಗಿನ ಹತ್ತಿರ ನಿಂತ ವಾರಿಜಾಳ ಬೆರಳು, ಅಂಕಿಗಳ ಮೇಲೆ ಓಡಾಡುತ್ತಿತ್ತು.

ಸಂಜೆ ಹೋಟೆಲಿನ ಮುಂದೆ ಬಂದಾಗ ಬಾಗಿಲ ಹಲಗೆಯ ಮೇಲೆ ‘ಚಳಿಗೆ ಶುಂಠಿ ಕಾಫಿ’ ಎಂದು ಸುಣ್ಣದಲ್ಲಿ ಬರೆದಿತ್ತು. ಸಿದ್ದಲಿಂಗಪ್ಪ ಅಂಗಡಿಯ ಮುಂದೆ ಶಾಲುಗಳನ್ನು ತೂಗುಹಾಕಿಸಿ ಬಂದಿದ್ದ. ಶೀಶೆ ಕಿಟಕಿಯಲ್ಲೇ ಇತ್ತು. ಇಡೀ ದಿನದ ಬಿಸಿಲು ಕುಡಿದೂ ಅದು ಕರಗಿರಲಿಲ್ಲ. ಸ್ವಲ್ಪ ಸಡಿಲಾಗಿ, ಮಂಕಾಗಿ, ಹಟದಿಂದ ಗಟ್ಟಿಯಾಗಿಯೇ ಕೂತಿತ್ತು. “ನೋಡಿ, ನೋಡಿ,” ಎಂದ ಪೂವಪ್ಪ ಗಿರಾಕಿಗಳಿಗೆಲ್ಲ. “ಮಧ್ಯಾಹ್ನವೂ ಕರಗ್ಲಿಲ್ಲ. ಇಂಥ ಚಳಿ ಮುಂಬಯಿಯಲ್ಲಿ ನಾನು ಬಂದ ಮೇಲೆ ಕಂಡದ್ದಿಲ್ಲ.” ಒಬ್ಬ ಟ್ಯಾಕ್ಸಿಯವನು ಶುಂಠಿ ಕಾಫಿ ಕುಡಿದು ಬೆವರು ಒರೆಸಿಕೊಳ್ಳುತ್ತ, ಬಹುತ್ ಠಂಡೀ ಎಂದು ಗಂಭೀರವಾಗಿ ಒಪ್ಪಿಕೊಂಡ.

ಆಗ ವಾರಿಜಾ ಬಂದಳು. ತಲೆಗೆ ಸೆರಗು ಸುತ್ತಿಕೊಂಡಿದ್ದಳು. “ಭಾವ, ನಿಮ್ಮ ಎಣ್ಣೆಗೆ ಎಂತ ಆಗಿದೆ?” ಎಂದಳು. “ಗಾಡಿಯಲ್ಲಿ ಪಕ್ಕದ ಹೆಂಗಸು ನನ್ನ ಚೀಲ ಇಣುಕಿ ನೋಡಿ, ಬಾಈ, ಪುರ‍್ಯಾ ಕುಠೂನ್ ಆಣಲ್ಯಾ ಅಂತ ಕೇಳಿದ್ಲು. ಪೂರಿ ಎಲ್ಲಿಂದ ತಂದೆ ಅಂತ! ಸ್ಟಾಫ್ ರೂಮಿನಲ್ಲಿ ಎಲ್ಲರೂ ನನ್ನ ಟಿಫಿನ್ ಡಬ್ಬಿ ತೆಗೆಸಿ ನೋಡಿದ್ರು. ನನ್ನ ತಲೆ ಪೂರಿ ವಾಸನೆ ಬರ್ತಾ ಉಂಟು. ಇದು ಬರೀ ಕೊಬ್ಬರಿ ಎಣ್ಣೆ ಅಲ್ಲ.”

ಪೂವಪ್ಪನ ಮುಖ ಕೆಂಪಾಯಿತು. ಊರಿನ ತನ್ನ ಮರದ ಕಾಯಿ, ತನ್ನ ಅಣ್ಣ ಗಾಣದ ಮುಂದೆ ನಿಂತು ತೆಗೆಸಿದ ಎಣ್ಣೆ. “ಕಲಬೆರಕೆ ಅಂತಿಯಾ? ನನ್ನ ಅಂಗಡಿಯಲ್ಲಿ ನಿಂತು, ಗಿರಾಕಿಗಳ ಎದುರು? ನಿನ್ನ ದಿನ ತಪ್ಪಿತು ಅಂತ ಹೊಟ್ಟೆಕಿಚ್ಚು ನಿನಗೆ, ಬೇರೆ ಎಂತದಿಲ್ಲ. ಟೀಚರಾದ್ರೆ ಎಲ್ಲದಕ್ಕೂ ತಪ್ಪು ಹಾಕ್ಬೇಕಾ?”

“ವಾಸ್ನಿ ಏನಿಲ್ಲವಾ ತಂಗಿ,” ಎಂದ ಸಿದ್ದಲಿಂಗಪ್ಪ ನಶ್ಯದ ಬೆರಳಿನಿಂದಲೇ ಮೂಗು ತೀಡಿಕೊಳ್ಳುತ್ತ. “ನಾ ದಿನಾ ಪೂರಾ ಮೂಸೀನಿ.”

ವಾರಿಜಾ ಕಾಶಪ್ಪನ ಕಡೆ ತಿರುಗಿದಳು. ಅವಳು ಆರೋಪಿಸುತ್ತಿರಲಿಲ್ಲ, ನಿಮಗೂ ಮೂಗಿದೆಯಲ್ಲ, ನೀವಾದರೂ ಹೇಳಿ, ಎಂದು ಮಾತ್ರ ಅವಳ ಮುಖದಲ್ಲಿತ್ತು. ಕಪ್ಪುಗಳು ತುಟಿಯ ಹತ್ತಿರ ನಿಂತವು. ಇಷ್ಟು ಕಿವಿಗಳು ಅವನ ಮಾತಿಗಾಗಿ ಹಿಂದೆಂದೂ ಕಾದಿರಲಿಲ್ಲ. ಹೇಳಿಬಿಡುವುದು ಎಷ್ಟು ಸುಲಭ ಎಂದು ಅವನಿಗೆ ಆಶ್ಚರ್ಯವಾಯಿತು. ಎಲ್ಲರೂ ನಗುತ್ತಾರೆ, ಪೂವಪ್ಪ ಬೈಯುತ್ತಾನೆ, ಉಣ್ಣೆ ಸಾಹೇಬನಿಗೆ ಇನ್ನೊಂದು ಹೆಸರು ಬೀಳುತ್ತದೆ, ಆಮೇಲೆ ಜೀವಮಾನವೆಲ್ಲ ಈ ಕುರ್ಚಿಯಲ್ಲಿ ಬಾಯಿ ಮುಚ್ಚಿಕೊಂಡು ಕಾಫಿ. ಅವನ ಬಾಯಿ ಅವನನ್ನು ಕೇಳದೆ ತೆರೆಯಿತು. “ಚಳಿಗಾಲ ಶುರುವಾದಾಗ ಮೂಗು ಹಂಗ ಮಾಡತಾವ್ರೀ ಟೀಚರ,” ಎಂದಿತು. “ಒಳಗ ನೆಗಡಿ ಕೂತಿರತೈತಿ. ಇಲ್ಲದ ವಾಸ್ನಿ ಬರತಾವು. ನಮ್ಮ ಧಾರವಾಡದಾಗ ಎಲ್ಲಾರಿಗೂ ಗೊತ್ತದು.”

ಟ್ಯಾಕ್ಸಿಯವನು ಸಹ ನಕ್ಕ. ವಾರಿಜಾ ಅವನನ್ನು ನೋಡುತ್ತಲೇ ಇದ್ದಳು. ನೋಟ ಅವನ ಮುಖದಿಂದ ಇಳಿದು, ಪ್ಯಾಂಟಿನ ಬಲಜೇಬಿನ ಮೇಲೆ ನಾಣ್ಯದಗಲಕ್ಕೆ ಹರಡಿದ್ದ ಜಿಡ್ಡಿನ ಕಲೆಯ ಮೇಲೆ ಸ್ವಲ್ಪ ಹೊತ್ತು ನಿಂತು, ಮತ್ತೆ ಮುಖಕ್ಕೆ ಬಂತು. ಅವಳ ತುಟಿಯ ಒಂದು ಮೂಲೆ ಮೇಲೆದ್ದಿತು. “ನೆಗಡಿಯೇ ಇರಬೇಕು,” ಎಂದಳು ಮೆಲ್ಲಗೆ. “ನೀವು ಹೇಳಿದ ಮೇಲೆ ಮುಗೀತಲ್ಲ ಕಾಶಪ್ಪನವರೇ.”

ಮರುದಿನ ಬೆಳಿಗ್ಗೆ ಅವಳು ಸ್ವೆಟರು ತೊಟ್ಟು, ಕಿವಿಗೆ ಮಫ್ಲರು ಸುತ್ತಿ, ಕಾಲುಚೀಲ ಹಾಕಿಕೊಂಡು ಬಂದಳು. ಎರಡೂ ಅಂಗೈಗಳನ್ನು ಉಜ್ಜಿಕೊಳ್ಳುತ್ತ ಬಂದವಳು ಕಾಶಪ್ಪನ ತೆಳು ಅಂಗಿಯನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟಳು. “ಅಯ್ಯೋ, ಎಂತ ನೀವು ಹೀಗೆ? ಭಾವ, ನೋಡಿ ಇವರನ್ನು! ಚಳಿ ಕರೆದವರೇ ಕೋಟಿಲ್ಲದೆ ಬಂದ್ರೆ ಜನ ಎಂತ ಹೇಳ್ತಾರೆ?” ಪೂವಪ್ಪ, ನಾದಿನಿ ದಾರಿಗೆ ಬಂದಳೆಂಬ ಸಂತೋಷದಲ್ಲಿ, ಹೌದೆಂದ. ಸಿದ್ದಲಿಂಗಪ್ಪನೂ ಹೌದೆಂದ. ಕಾಶಪ್ಪ ಮೇಲೆ ಹೋಗಿ ಮದುವೆಯ ಕೋಟು ತೊಟ್ಟು ಬಂದ. ಆಮೇಲೆ ಅದು ದಿನದ ಕೆಲಸವಾಯಿತು. ಅವಳು ಒಂದು ದಿನ ಅವನ ಗುಂಡಿ ಹಾಕಿಲ್ಲವೆಂದು ಕಳವಳಪಟ್ಟಳು. ಇನ್ನೊಂದು ದಿನ ಕೈಗವಸು ಯಾಕಿಲ್ಲವೆಂದು ಕೇಳಿದಳು. ಅವನ ಹಣೆಯಿಂದ ಬೆವರು ತಟ್ಟೆಗೆ ತೊಟ್ಟಿಕ್ಕಿದಾಗ, “ಇಬ್ಬನಿ,” ಎಂದು ಎಲ್ಲರಿಗೂ ತೋರಿಸಿದಳು. ತನ್ನ ಸ್ವೆಟರನ್ನು ಅವಳು ಸ್ಟೇಷನ್ನಿನ ತಿರುವಿನಲ್ಲೇ ಬಿಚ್ಚಿ ಚೀಲಕ್ಕೆ ತುರುಕುವುದನ್ನು ಅವನು ನೋಡಿದ್ದ. ಅವಳೂ ಅವನು ನೋಡುವುದನ್ನು ನೋಡಿ, ಕೈ ಬೀಸಿದ್ದಳು. ಅವನಿಗೆ ಬಿಚ್ಚುವ ಧೈರ್ಯವಿರಲಿಲ್ಲ, ಸಿದ್ದಲಿಂಗಪ್ಪ ಮಾಟುಂಗಕ್ಕೆಂದು ಅದೇ ಪ್ಲಾಟ್‌ಫಾರ್ಮಿನಲ್ಲಿ ಸುಳಿದಾಡುತ್ತಿರುತ್ತಿದ್ದ. ಕೋಟಿನೊಳಗೆ ಅವನು ದಿನದಿಂದ ದಿನಕ್ಕೆ ತೆಳ್ಳಗಾದ. ಮೇಜಿನಲ್ಲಿ ಈಗ ಅವನ ಮಾತೇ ಕೊನೆಯದು. ಗಾಳಿ ಯಾವ ಕಡೆಯದೆಂದು ಅವನನ್ನೇ ಕೇಳುತ್ತಿದ್ದರು. ಅವನು ಹೇಳುತ್ತಿದ್ದ. ಎಲ್ಲರೂ ತಲೆದೂಗುತ್ತಿದ್ದರು, ಎಲ್ಲರಿಗಿಂತ ಜೋರಾಗಿ ವಾರಿಜಾ. ಆ ತಲೆದೂಗುವಿಕೆ ಅವನ ಮಾತನ್ನು ಬಾಯಿಂದ ಹೊರಬೀಳುವಾಗಲೇ ಕರಗಿಸಿಬಿಡುತ್ತಿತ್ತು. ಕೊನೆಕೊನೆಗೆ ಅವನು ಮಾತು ಕಡಿಮೆ ಮಾಡಿದ. ಅದನ್ನೂ ಅವರು ಪಾಂಡಿತ್ಯವೆಂದು ತಿಳಿದರು.

ಆಮೇಲೆ ಒಂದು ಬೆಳಿಗ್ಗೆ, ಇನ್ನೂ ನಳಕ್ಕೆ ನೀರು ಬಂದಿರಲಿಲ್ಲ, ಖೋಲಿಗಳ ಮುಂದಿನ ಗ್ಯಾಲರಿಯಲ್ಲಿ ಬೆಳಕು ಬೂದಿಯ ಬಣ್ಣಕ್ಕಿತ್ತು, ಕಾಶಪ್ಪನಿಗೆ ತನ್ನ ಮೂಗಿನ ತುದಿ ಇರುವುದು ಗೊತ್ತಾಗಿ ಎಚ್ಚರವಾಯಿತು. ಅಲುಗಾಡದೆ ಮಲಗಿದ. ಕಿಟಕಿಯ ಸರಳುಗಳ ನಡುವಿನಿಂದ, ಉಪ್ಪಿನ ವಾಸನೆಯೇ ಇಲ್ಲದ, ಒಣಗಿದ, ದೂರದಿಂದ ನಡೆದುಬಂದ ಗಾಳಿ ಒಳಗೆ ಬಂದು, ಪಾತ್ರೆಗಳನ್ನು ಒಂದೊಂದಾಗಿ ಮುಟ್ಟಿ, ನೆಲದ ಕಲ್ಲಿನ ಮೇಲೆ ಹರಿದು ಅವನ ಪಾದಕ್ಕೆ ಬಂತು. ತೋಳಿನ ಕೂದಲು ಎದ್ದು ನಿಂತವು. ಉಸಿರು ಒಳಗೆ ಹೋಗುವಾಗ ಎದೆಯಲ್ಲಿ ಎಲ್ಲಿಯವರೆಗೆ ಹೋಯಿತೆಂದು ತಿಳಿಯುತ್ತಿತ್ತು. ದೂರದಲ್ಲಿ ಹಾರ್ಬರ್ ಲೈನಿನ ಮೊದಲ ಗಾಡಿಯ ಸದ್ದು, ತೊಳೆದಿಟ್ಟ ಲೋಟದಷ್ಟು ಸ್ವಚ್ಛವಾಗಿ, ಪಕ್ಕದಲ್ಲೇ ಹೋದಂತೆ ಕೇಳಿಸಿತು. ಮುಂಗಾರು ನಿಂತಂದಿನಿಂದ, ಅಲ್ಲ, ಹೋದ ವರ್ಷದಿಂದ, ಅಲ್ಲ, ಈ ಶಹರಕ್ಕೆ ಬಂದಂದಿನಿಂದ ಅವನು ಕಾಯುತ್ತಿದ್ದದ್ದು ಇದಕ್ಕೇ. ಅದು ಯಾರನ್ನೂ ಕೇಳದೆ, ಯಾರ ದಿನವನ್ನೂ ನೋಡದೆ ಬಂದುಬಿಟ್ಟಿತ್ತು. ಎದ್ದು ಗ್ಯಾಲರಿಗೆ ಓಡಿ, ಪೂವಪ್ಪಾ, ಸಿದ್ದಲಿಂಗಪ್ಪಾ, ಟೀಚರಾ ಎಂದು ಕೂಗಬೇಕೆನಿಸಿತು.

ಪಕ್ಕದಲ್ಲಿ ಬಸಲಿಂಗವ್ವ ಹೊರಳಿದಳು. ಎದ್ದು ಕೂತು, ಗೂಟದ ಹಗ್ಗದ ಮೇಲಿದ್ದ, ತವರಿನಿಂದ ತಂದ ಕೌದಿಯನ್ನು ಎಳೆದುಕೊಂಡು, ಅರ್ಧ ಅವನ ಮೇಲೆ ಹಾಕಿದಳು. “ಏನ್ರೀ,” ಎಂದಳು, ಚಿಕ್ಕಂದಿನಲ್ಲಿ ಅವಳು ಮಾತಾಡುತ್ತಿದ್ದಿರಬಹುದಾದ ದನಿಯಲ್ಲಿ, “ಇವತ್ತ ಬಂತ್ ನೋಡ್ರಿ ಚಳಿ. ಖರೇ ಚಳಿ.”

ಹೌದು ಎನ್ನಲು ಅವನು ಬಾಯಿ ತೆರೆದ. ಇನ್ನು ಸ್ವಲ್ಪ ಹೊತ್ತಿಗೆ ನಳಕ್ಕೆ ನೀರು ಬರುತ್ತದೆ. ಅವಳು ಕೊಡ ಹಿಡಿದು ಸಾಲಿನಲ್ಲಿ ನಿಲ್ಲುತ್ತಾಳೆ. ಇವರೂ ಅಂದರು, ಇವತ್ತೇ ಬಂತಂತ, ಎನ್ನುತ್ತಾಳೆ. ಸಾಲಿನಲ್ಲಿ ಪೂವಪ್ಪನ ಹೆಂಡತಿ ಇರುತ್ತಾಳೆ, ಕೆಲವೊಮ್ಮೆ ಅವಳ ತಂಗಿಯೂ.

“ಬಂದು ಭಾಳ ದಿನ ಆತಲ್ಲ,” ಎಂದ ಕಾಶಪ್ಪ. “ನಾ ಅವತ್ತ ಹೇಳಿದ್ನಲ್ಲ, ಹುಣ್ಣಿವಿ ಮರುದಿನನ.”

ಬಸಲಿಂಗವ್ವ ಮಬ್ಬು ಬೆಳಕಿನಲ್ಲಿ ಅವನನ್ನು ನೋಡಿದಳು. “ಹೌದಾ?” ಎಂದಳು. “ಹಂಗಾದ್ರ ನಿಮಗ ರೂಢಿ ಆಗಿರಬೇಕ.” ಅವನ ಮೇಲಿದ್ದ ಅರ್ಧ ಕೌದಿಯನ್ನೂ ಎಳೆದು ತನ್ನ ಸುತ್ತ ಸುತ್ತಿಕೊಂಡು, ಗೋಡೆಯ ಕಡೆ ತಿರುಗಿ ಮಲಗಿದಳು. ಗಾಳಿ ಮತ್ತೆ ಬಂತು. ಕಾಶಪ್ಪ ಮೊಣಕಾಲುಗಳನ್ನು ಎದೆಗೆ ತಂದುಕೊಂಡ. ಹಲ್ಲುಗಳು ಕಟಕಟ ಎನ್ನತೊಡಗಿದವು. ಅವಳಿಗೆ ಕೇಳಿಸದಂತೆ ಅವನು ಎರಡೂ ಕೈಗಳಿಂದ ದವಡೆಯನ್ನು ಒತ್ತಿ ಹಿಡಿದುಕೊಂಡ.